ಕರೆಂಟ್ ಹೋದರೂ ಉಳಿಯುವ ಧಾಟಿ

ಮೊರಬದ ನಮ್ಮ ಓಣಿಯ ಗುಡಿಯಲ್ಲಿ ಒಂದು ಶ್ರಾವಣ ಸೋಮವಾರದ ರಾತ್ರಿ ಭಜನಿ ನಡೆದಿತ್ತು. ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ತಾಳಗಳ ಸಾಲಿನಲ್ಲಿ ಆ ವರ್ಷ ಮೊದಲ ಸಲ ಒಂದು ಕ್ಯಾಸಿಯೋ ಕೀಬೋರ್ಡು ಬಂದು ಕೂತಿತ್ತು. ಬಾರಿಸುತ್ತಿದ್ದವನು ಹುಬ್ಬಳ್ಳಿಯ ಆರ್ಕೆಸ್ಟ್ರಾ ಸೇರಿದ್ದ ಊರಿನದೇ ಹುಡುಗ. ಪದ ರಂಗೇರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಕ್ಯಾಸಿಯೋ ಥಟ್ಟನೆ ನಿಂತಿತು, ಪೇಟಿ ನಿಲ್ಲಲಿಲ್ಲ. ಕತ್ತಲಲ್ಲೇ ಪದ ಮುಗಿಸಿದ ಪೇಟಿ ಅಜ್ಜ ಕೇಳಿದರು: ‘ಯಾಕ ತಮ್ಮಾ, ಕರೆಂಟ್ ಹೋದ್ರ ನಿನ್ನ ಹಾಡು ಎಲ್ಲಿಗೆ ಹೋಗತೈತಿ?’ ಹುಡುಗ ತಡಮಾಡಲಿಲ್ಲ: ‘ನೀವು ಗಾಳಿ ತುಂಬೂದು ಬಿಟ್ರ ನಿಮ್ಮ ಪೇಟಿ ಹಾಡೂ ಅಲ್ಲಿಗೇ ಹೋಗತೈತಲ್ರೀ ಅಜ್ಜಾರ.’

ಕಂದೀಲು ಹಚ್ಚಿ ತರುವವರೆಗೆ ಗುಡಿಯಲ್ಲಿ ಇದರದ್ದೇ ವಾದ. ಆಗ ನಾನು ಹೈಸ್ಕೂಲಿನ ಹುಡುಗ. ಆ ವಾದ ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ. ಎಂಬತ್ತರ ದಶಕದಲ್ಲಿ ಸಿಂಥೆಸೈಜರ್ ಎಂಬ ವಿದ್ಯುತ್ ವಾದ್ಯವನ್ನೇ ನಂಬಿ ಹಾಡು ಕಟ್ಟಿದವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಜರ್ಮನಿಯ ಕ್ರಾಫ್ಟ್‌ವರ್ಕ್, ಇಂಗ್ಲೆಂಡಿನ ಡೆಪೆಷ್ ಮೋಡ್, ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ ಸೇರಿದ ಬಿದ್ದು, ಮುಂಬೈಯ ಚರಣ್‌ಜಿತ್ ಸಿಂಗ್, ಕನ್ನಡಕ್ಕೆ ‘ಪ್ರೇಮಲೋಕ’ ಕೊಟ್ಟ ಹಂಸಲೇಖ. ಇವರ ಕೆಲಸ ಆ ಕಾಲದ ಹುಚ್ಚು ಎಂದು ತಳ್ಳಿಬಿಡುವಂಥದ್ದೇ, ಇಲ್ಲ ಸಂಗೀತದ ಇತಿಹಾಸದಲ್ಲಿ ಕಾಯಂ ಗೌರವ ಪಡೆಯಬೇಕಾದ್ದೇ? ಈ ಪ್ರಶ್ನೆಗೆ ಇದುವರೆಗೆ ಬಂದ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಧಾರವಾಡ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳುವವನಿಗೆ ಒಂದು ಭಾರ ಹೆಗಲ ಮೇಲಿರುತ್ತದೆ. ಇದೇ ಜಿಲ್ಲೆಯ ಕುಂದಗೋಳ ಸವಾಯಿ ಗಂಧರ್ವರ ಊರು. ಅದೇ ತಾಲ್ಲೂಕಿನ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಅವರಿಗೆ 1991ರಲ್ಲಿ ಪದ್ಮಭೂಷಣ ಬಂತು. ಧಾರವಾಡದ ಮಗ್ಗುಲಿನ ಮನಸೂರಿನಿಂದ ಬಂದ ಮಲ್ಲಿಕಾರ್ಜುನ ಮನಸೂರರಿಗೆ 1992ರಲ್ಲಿ, ಗಂಗೂಬಾಯಿ ಹಾನಗಲ್ಲರಿಗೆ 2002ರಲ್ಲಿ ಪದ್ಮವಿಭೂಷಣ. ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ. ಸಂಗೀತದ ಗೌರವ ಎಂದರೆ ನಮ್ಮ ಕಡೆಯವರ ಕಣ್ಣ ಮುಂದೆ ಬರುವ ಅಳತೆ ಇದು: ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ, ನಸುಕಿನ ರಿಯಾಜು, ಒಂದೇ ರಾಗದ ಜೊತೆ ಆಯುಷ್ಯ ಕಳೆಯುವ ತಾಳ್ಮೆ. ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ಪೆಟ್ಟಿಗೆಯನ್ನು ಈ ತಕ್ಕಡಿಯಲ್ಲಿ ಇಟ್ಟರೆ ಅದು ಹಗುರಾಗಿಯೇ ಕಾಣುತ್ತದೆ. ಹಾಗೆ ಕಂಡದ್ದೇ ತೀರ್ಪು ಅಂದುಕೊಳ್ಳುವ ಮೊದಲು ಪೆಟ್ಟಿಗೆಯ ಕತೆಯನ್ನೂ ಕೇಳಬೇಕು.

ಈ ನಾದ ಬಂದ ಬಗೆ

ಅಮೆರಿಕದ ರಾಬರ್ಟ್ ಮೂಗ್ ತಮ್ಮ ಸಿಂಥೆಸೈಜರನ್ನು 1964ರಲ್ಲಿ ಜನರ ಮುಂದಿಟ್ಟರು. 1968ರಲ್ಲಿ ವೆಂಡಿ ಕಾರ್ಲೋಸ್ ಅದರ ಮೇಲೆ ಬಾಖ್‌ನ ಕೃತಿಗಳನ್ನು ನುಡಿಸಿ ಧ್ವನಿಮುದ್ರಿಕೆಯ ತಟ್ಟೆ ತಂದಾಗ ಲೋಕ ಬೆರಗಾಯಿತು. ಮರುವರ್ಷವೇ ಅಂಥದೊಂದು ಮೂಗ್ ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂತು. ಆದರೆ ಆ ಕಾಲದ ಸಿಂಥೆಸೈಜರ್ ಕಪಾಟಿನಷ್ಟು ದೊಡ್ಡದು, ಬೆಲೆ ಮನೆಯೊಂದರಷ್ಟು. ಅದು ವಿಶ್ವವಿದ್ಯಾಲಯಗಳ, ಶ್ರೀಮಂತ ತಂಡಗಳ ವಸ್ತುವಾಗಿಯೇ ಉಳಿದಿತ್ತು.

ಅದನ್ನು ಸಾಮಾನ್ಯರ ಕೈಗೆ ತಂದವರು ಜಪಾನಿನವರು. ರೋಲಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ತಾಳದ ಯಂತ್ರವನ್ನು, 1981ರಲ್ಲಿ ಟಿಬಿ-303 ಎಂಬ ಬೇಸ್ ಯಂತ್ರವನ್ನು ತಂದಿತು. 1983ರಲ್ಲಿ ಯಮಾಹಾದ ಡಿಎಕ್ಸ್-7 ಬಂತು. ಅದರೊಳಗಿನ ನಾದತಂತ್ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರ ಶೋಧ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾದ ಆ ಕೀಬೋರ್ಡಿನ ಗಂಟೆಯಂಥ ಸ್ವರ ಆ ದಶಕದ ಸಿನಿಮಾ ಹಾಡುಗಳಲ್ಲಿ ಎಲ್ಲ ಕಡೆ ಕೇಳುತ್ತದೆ. ಅದೇ ವರ್ಷ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಜೊತೆ ಒಂದು ಮಾತಾಡುವಂತೆ ಮಾಡುವ ಮಿಡಿ ಎಂಬ ಸಾಮಾನ್ಯ ಭಾಷೆ ಬಂತು. ಅಲ್ಲಿಂದ ಮುಂದೆ ಒಬ್ಬನೇ ಕೂತು ಇಡೀ ವಾದ್ಯಮೇಳ ನಡೆಸಬಹುದಾಯಿತು.

ಈ ಬದಲಾವಣೆಯ ಮೊದಲ ಫಲ ಉಂಡವರು ಯುರೋಪಿನ ಕಾರ್ಖಾನೆ ಊರುಗಳ ಹುಡುಗರು. ಡ್ಯೂಸೆಲ್‌ಡಾರ್ಫ್‌ನಲ್ಲಿ 1970ರಲ್ಲಿ ಕಟ್ಟಿದ ಕ್ರಾಫ್ಟ್‌ವರ್ಕ್ ತಂಡ ರಸ್ತೆ, ರೈಲು, ಕಂಪ್ಯೂಟರುಗಳನ್ನೇ ಹಾಡಿನ ವಸ್ತು ಮಾಡಿ ದಾರಿ ಹಾಕಿಕೊಟ್ಟಿತ್ತು. ಉಕ್ಕಿನ ಊರಾದ ಶೆಫೀಲ್ಡ್‌ನಿಂದ ಹ್ಯೂಮನ್ ಲೀಗ್ ಬಂತು, ಬೇಸಿಲ್ಡನ್ ಎಂಬ ಹೊಸ ಪಟ್ಟಣದಿಂದ ಡೆಪೆಷ್ ಮೋಡ್ ಬಂತು, ಮ್ಯಾಂಚೆಸ್ಟರಿನಿಂದ ನ್ಯೂ ಆರ್ಡರ್ ಬಂತು. ಯೂರಿದ್ಮಿಕ್ಸ್ ಎಂಬ ಜೋಡಿ ಬ್ಯಾಂಕಿನ ಸಾಲ ತೆಗೆದು, ಎಂಟು ಟ್ರ್ಯಾಕಿನ ಸಾದಾ ರೆಕಾರ್ಡರಿನಲ್ಲಿ ‘ಸ್ವೀಟ್ ಡ್ರೀಮ್ಸ್’ ಮುದ್ರಿಸಿಕೊಂಡಿತು. ದೊಡ್ಡ ಸ್ಟುಡಿಯೋದ ಹಂಗಿಲ್ಲದೆ ಹಾಡು ಲೋಕಕ್ಕೆ ತಲುಪಬಹುದು ಎಂಬುದು ಆಗ ಖಾತ್ರಿಯಾಯಿತು. ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಹತ್ತಿರವಾದ ಮಾತು ಇದೇ. ಸಂಗೀತ ಶಾಲೆಯ ಮೆಟ್ಟಿಲು ಹತ್ತಲಾಗದವರಿಗೂ ಒಂದು ವಾದ್ಯ ಸಿಕ್ಕಿತು.

ಗೌರವದ ಬಾಗಿಲು ತೆರೆದ ಬಗೆ

ಪಶ್ಚಿಮದಲ್ಲಿ ಈ ಗೌರವದ ಲೆಕ್ಕ ಇಡುವ ಒಂದು ಸಂಸ್ಥೆ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. 1983ರಲ್ಲಿ ಹುಟ್ಟಿದ ಇದು 1986ರಿಂದ ಕಲಾವಿದರ ಹೆಸರನ್ನು ತನ್ನ ಪಟ್ಟಿಗೆ ಸೇರಿಸುತ್ತ ಬಂದಿದೆ. ಮೊದಲ ತಟ್ಟೆ ಬಂದು 25 ವರ್ಷ ತುಂಬಿದವರಿಗೆ ಮಾತ್ರ ಅಲ್ಲಿ ಅರ್ಹತೆ. ಆ ಲೆಕ್ಕದಲ್ಲಿ ಕ್ರಾಫ್ಟ್‌ವರ್ಕ್ ಬಹಳ ಹಿಂದೆಯೇ ಒಳಗೆ ಹೋಗಬೇಕಿತ್ತು. ಗಿಟಾರ್ ತಂಡಗಳು ಸಾಲುಸಾಲಾಗಿ ಒಳಹೋಗುವಾಗ ಯಂತ್ರದವರು ಹೊಸ್ತಿಲಾಚೆಯೇ ನಿಂತಿದ್ದರು. ಡೆಪೆಷ್ ಮೋಡ್‌ಗೆ ಆ ಬಾಗಿಲು ತೆರೆದದ್ದು 2020ರಲ್ಲಿ. ಮರುವರ್ಷ ಕ್ರಾಫ್ಟ್‌ವರ್ಕ್ ಒಳಗೆ ಹೋಯಿತು, ಅದೂ ‘ಆರಂಭಿಕ ಪ್ರಭಾವ’ ಎಂಬ ಪ್ರತ್ಯೇಕ ವರ್ಗದಲ್ಲಿ. ಆ ತಂಡದ ಸ್ಥಾಪಕರಲ್ಲೊಬ್ಬರಾದ ಫ್ಲೋರಿಯಾನ್ ಶ್ನೈಡರ್ ಅಷ್ಟರಲ್ಲಿ ತೀರಿಕೊಂಡಿದ್ದರು. 2022ರಲ್ಲಿ ಯೂರಿದ್ಮಿಕ್ಸ್ ಮತ್ತು ಡುರಾನ್ ಡುರಾನ್ ಸೇರಿದವು. ಡುರಾನ್ ಡುರಾನ್ ಆ ವರ್ಷ ಅಭಿಮಾನಿಗಳ ಮತಗಳಲ್ಲಿ ಎಲ್ಲರಿಗಿಂತ ಮುಂದಿತ್ತು.

ಯಂತ್ರ ಮಾಡಿದವರಿಗೆ ಮನ್ನಣೆ ಇದಕ್ಕಿಂತ ಬೇಗ ಬಂತು ಎಂಬುದು ಗಮನಿಸಬೇಕಾದ ಮಾತು. ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ರಾಬರ್ಟ್ ಮೂಗ್ ಅವರಿಗೆ 2001ರಲ್ಲೇ ಸಂದಿತು. ಮಿಡಿ ರೂಪಿಸಿದ್ದಕ್ಕೆ ರೋಲಾಂಡ್ ಸ್ಥಾಪಕ ಇಕುಟಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ವೀಣೆ ಮಾಡಿದ ಬಡಿಗನಿಗೆ ಶಾಲು ಹೊದಿಸಿ ವೈಣಿಕನನ್ನು ಹೊರಗೆ ನಿಲ್ಲಿಸಿದಂಥ ಸ್ಥಿತಿ ಇದು. ಬಡಿಗನಿಗೆ ಶಾಲು ಸಲ್ಲಬೇಕಾದ್ದೇ. ಆದರೆ ವಾದ್ಯದಿಂದ ಹಾಡು ತೆಗೆದವರನ್ನು ಅಷ್ಟು ಕಾಲ ಕಾಯಿಸಿದ್ದು ಸರಿ ಎನ್ನಲಾಗದು.

ಎದುರು ಪಕ್ಷದ ಮಾತು

ಈ ಸಂಗೀತಕ್ಕೆ ಗೌರವ ಬೇಡ ಎನ್ನುವವರ ವಾದಗಳನ್ನು ಸುಮ್ಮನೆ ಹಳೆತನವೆಂದು ಬದಿಗೆ ಸರಿಸಬಾರದು. ಅವುಗಳಲ್ಲಿ ನಾಲ್ಕು ಮುಖ್ಯವಾದವು.

ಮೊದಲನೆಯದು ಸಾಧನೆಯ ಮಾತು. ಕೈಬೆರಳಿಗೆ ಗಂಟು ಬೀಳುವಷ್ಟು ನುಡಿಸದವನಿಗೆ, ಕಂಠ ಹದಗೊಳಿಸದವನಿಗೆ ಸಂಗೀತಗಾರನ ಪಟ್ಟ ಏಕೆ? ಎರಡನೆಯದು ಒಂದೇತನದ ಮಾತು. ಕಾರ್ಖಾನೆಯಲ್ಲೇ ತುಂಬಿಸಿ ಕಳಿಸಿದ ಸ್ವರಗಳನ್ನು ಎಲ್ಲರೂ ಬಳಸಿದ್ದರಿಂದ ಒಂದು ಹಾಡಿಗೂ ಇನ್ನೊಂದಕ್ಕೂ ಬಣ್ಣದ ವ್ಯತ್ಯಾಸವೇ ಇಲ್ಲವಾಯಿತು. ಅಂಥ ಬಣ್ಣ ಬೇಗ ಮಾಸುತ್ತದೆ. 1985ರ ಕೀಬೋರ್ಡಿನ ಸದ್ದು ಕೇಳಿದೊಡನೆ ಅದರ ಇಸವಿ ಗೊತ್ತಾಗುತ್ತದೆ.

ಮೂರನೆಯದು ಅನ್ನದ ಮಾತು, ಎಲ್ಲಕ್ಕಿಂತ ಗಟ್ಟಿಯಾದದ್ದು. ಸಿಂಥೆಸೈಜರುಗಳನ್ನು ನಿಷೇಧಿಸಬೇಕೆಂದು ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು 1982ರಲ್ಲಿ ನಿರ್ಣಯ ಮಾಡಿತ್ತು. ಹತ್ತು ಪಿಟೀಲಿನವರ ಜಾಗದಲ್ಲಿ ಒಬ್ಬ ಕೀಬೋರ್ಡಿನವ ಕೂತರೆ ಒಂಬತ್ತು ಮನೆಯ ಒಲೆ ಆರುತ್ತದೆ. ಚೆನ್ನೈಯ ಧ್ವನಿಮುದ್ರಣ ಕೇಂದ್ರಗಳಲ್ಲಿ ಪಿಟೀಲು, ಕ್ಲಾರಿಯೊನೆಟ್ ನುಡಿಸುತ್ತಿದ್ದವರಿಗೂ ಆ ದಶಕದಿಂದ ಕರೆ ಕಡಿಮೆಯಾಗುತ್ತ ಬಂತು. ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ಕಾಲಪೇಟಿ ಮಾಸ್ತರರ ಜಾಗಕ್ಕೆ ಕ್ಯಾಸಿಯೋ ಬಂತು, ತಬಲಾ ಜಾಗಕ್ಕೆ ರಿದಂ ಪ್ಯಾಡ್ ಬಂತು. ಮದುವೆ ಮೆರವಣಿಗೆಯ ಬ್ಯಾಂಡ್ ಕಂಪನಿಯವರನ್ನು ಟ್ರ್ಯಾಕ್ಟರ್ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳು ಮನೆಗೆ ಕಳಿಸಿದವು. ಸನಾದಿ ನುಡಿಸುವವರ ಮಗ ಈಗ ಬೇರೆ ಕೆಲಸಕ್ಕೆ ಹೋಗುವುದನ್ನು ನವಲಗುಂದದ ಸೀಮೆಯಲ್ಲಿ ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ. ಈ ನಷ್ಟಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ಇದನ್ನು ಮರೆತು ಯಂತ್ರಸಂಗೀತವನ್ನು ಹೊಗಳುವವರ ಹೊಗಳಿಕೆ ಅರ್ಧ ಸುಳ್ಳು.

ನಾಲ್ಕನೆಯದು ಕಾಲದ ನೋವಿನ ಮಾತು. ನಮ್ಮ ಭಾಗದಲ್ಲಿ ಎಂಬತ್ತರ ದಶಕ ಎಂದರೆ ಮೊದಲು ನೆನಪಾಗುವುದು 1980ರ ಜುಲೈ 21. ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿದ ದಿನ ಅದು. ಆ ನೋವು ನಮ್ಮ ಹಲಗಿಯ ಸದ್ದಿನಲ್ಲಿ, ಹೋರಾಟದ ಪದಗಳಲ್ಲಿ ಬಂತು. ಕೀಬೋರ್ಡಿನ ಹಾಡುಗಳು ಆಗ ಕಾಲೇಜಿನ ಪ್ರೇಮದಲ್ಲಿ ಮುಳುಗಿದ್ದವು. ಇದು ನಿಜ. ಆದರೆ ಇದು ವಾದ್ಯದ ಮಿತಿಯೇನೂ ಆಗಿರಲಿಲ್ಲ. ಶೆಫೀಲ್ಡ್, ಮ್ಯಾಂಚೆಸ್ಟರಿನ ತಂಡಗಳು ಅದೇ ಯಂತ್ರದಲ್ಲಿ ಮುಚ್ಚುತ್ತಿದ್ದ ಕಾರ್ಖಾನೆಗಳ ಚಳಿಯನ್ನೂ ಒಂಟಿತನವನ್ನೂ ಹಿಡಿದವು. ನಾವು ಹಿಡಿಯಲಿಲ್ಲ ಎಂಬುದು ನಮ್ಮ ಲೆಕ್ಕದ ಬಾಕಿ.

ಪೇಟಿ ಕಲಿಸಿದ ಪಾಠ

ಯಂತ್ರ, ಪರದೇಶಿ, ನಮ್ಮ ರಾಗಕ್ಕೆ ಒಗ್ಗದ್ದು: ಈ ಮೂರೂ ಬೈಗುಳ ಕೀಬೋರ್ಡಿಗಿಂತ ಮೊದಲು ತಿಂದದ್ದು ನಮ್ಮ ಪೇಟಿ. ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲೆಕ್ಸಾಂಡರ್ ದೆಬಾಂ ಎಂಬವರು 1842ರಲ್ಲಿ ಅದರ ಹಕ್ಕು ಪಡೆದರು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಳಿ ತುಂಬಿ, ಇನ್ನೊಂದು ಕೈಯಲ್ಲಿ ನುಡಿಸುವಂತೆ ಮಾಡಿಕೊಟ್ಟರು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಂದರೆ 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದಾಗ, ಊರೂರ ಭಜನೆಯಲ್ಲಿ ಮೊಳಗುತ್ತಿದ್ದ ಪೇಟಿಗೆ ಆ ಕಟ್ಟಡದೊಳಗೆ ಸಾಥಿ ಮಾಡಲು ಅಪ್ಪಣೆ ಇರಲಿಲ್ಲ.

ನಿಷೇಧಿಸಿದವರ ಕಾರಣ ಸುಳ್ಳಾಗಿರಲಿಲ್ಲ. ಪೇಟಿಯಲ್ಲಿ ಮೀಂಡ್ ಬರುವುದಿಲ್ಲವೆಂಬುದು ಇಂದಿಗೂ ನಿಜ. ಆದರೆ ಬೆಳಗಾವಿಯ ರಾಮಭಾವು ಬಿಜಾಪುರೆ ಅಂಥವರು ತಮ್ಮ ಆಯುಷ್ಯವನ್ನೇ ಆ ಪೆಟ್ಟಿಗೆಗೆ ಕೊಟ್ಟು, ಅದು ಹಾಡಲಾರದ್ದನ್ನು ಹಾಡಿದಂತೆ ಕೇಳಿಸುವ ಬೆರಳುಗಾರಿಕೆ ಕಟ್ಟಿಕೊಟ್ಟರು. ಈಗ ಮೊರಬದಲ್ಲಾಗಲಿ ಅಣ್ಣಿಗೇರಿಯಲ್ಲಾಗಲಿ ಪೇಟಿಯನ್ನು ಪರದೇಶಿ ಎಂದರೆ ಜನ ನಿಮ್ಮ ಮುಖ ನೋಡುತ್ತಾರೆ. ವಾದ್ಯಕ್ಕೆ ಮರ್ಯಾದೆ ಬರುವುದು ಅದನ್ನು ನುಡಿಸುವವರು ಅದರೊಳಗೆ ಇಟ್ಟ ಬದುಕಿನಿಂದ.

ಶಾಸ್ತ್ರೀಯ ಸಂಗೀತವೂ ವಿದ್ಯುತ್ತಿಗೆ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಪ್ಪತ್ತರ ದಶಕದಲ್ಲೇ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದರು. ರಾಡೆಲ್ ಹೆಸರಿನ ಆ ಪೆಟ್ಟಿಗೆಗಳು ಇವತ್ತು ಎಷ್ಟೋ ವಿದ್ವಾಂಸರ ಚೀಲದಲ್ಲಿವೆ. ತಂಬೂರಿಯ ನಾದವನ್ನೇ ಯಂತ್ರಕ್ಕೆ ಒಪ್ಪಿಸಿದ ಮೇಲೆ ಯಂತ್ರದ ನಾದ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಪಂಕ್ತಿಯಿಂದ ಎಬ್ಬಿಸಲಾಗದು.

ನಮ್ಮವರ ಎಂಬತ್ತು

ಬಿದ್ದು ಅವರಿಂದಲೇ ಶುರು ಮಾಡಬೇಕು. ಕೊಡವ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ನಿರ್ಮಿಸಿದರು; ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ ಚಿತ್ರಕ್ಕೆ ಅವರು ನಾಜಿಯಾ ಹಸನ್ ಎಂಬ ಬಾಲೆಯಿಂದ ಹಾಡಿಸಿದ ಒಂದು ಹಾಡು, ಮರುವರ್ಷ ಬಂದ ‘ಡಿಸ್ಕೊ ದೀವಾನೆ’ ಧ್ವನಿಸುರುಳಿ ಇಡೀ ಉಪಖಂಡದ ಕಿವಿಯನ್ನೇ ಬದಲಿಸಿದವು. ಕರ್ನಾಟಕದಲ್ಲಿ ಹುಟ್ಟಿದ ಇಂಥವರೊಬ್ಬರನ್ನು ನಮ್ಮ ರಾಜ್ಯ ಎಷ್ಟು ನೆನೆಯುತ್ತದೆ ಎಂದು ನಾವು ಕೇಳಿಕೊಳ್ಳಬೇಕು.

ಕನ್ನಡ ಚಿತ್ರಗಳಲ್ಲಿ ಈ ನಾದ ಮೆಲ್ಲಗೆ ಬಂತು. 1981ರ ‘ಗೀತಾ’ ಮತ್ತು 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜಾ ಕೊಟ್ಟ ಸಂಗೀತದಲ್ಲಿ ಪಿಟೀಲುಗಳ ಹಿಂಡಿನ ನಡುವೆ ವಿದ್ಯುತ್ ವಾದ್ಯಗಳು ಒಂದಾಗಿ ಕೂತಿವೆ. ಮುಂದೆ 1986ರ ತಮಿಳಿನ ‘ಪುನ್ನಗೈ ಮನ್ನನ್’ ಚಿತ್ರದಲ್ಲಿ ಅವರು ಕಂಪ್ಯೂಟರ್ ನೆರವಿನ ಸಂಗೀತಕ್ಕೂ ಕೈಹಾಕಿದರು. ಅದೇ 1986ರಲ್ಲಿ ಬಪ್ಪಿ ಲಾಹಿರಿ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಮೂಲಕ ತಮ್ಮ ಡಿಸ್ಕೊ ನಾದವನ್ನು ಕನ್ನಡಕ್ಕೆ ತಂದರು.

1987ರಲ್ಲಿ ‘ಪ್ರೇಮಲೋಕ’ ಬಂತು. ವಿ. ರವಿಚಂದ್ರನ್ ಅವರ ಆ ಚಿತ್ರಕ್ಕೆ ಸಾಹಿತ್ಯ, ಸಂಗೀತ ಎರಡೂ ಹಂಸಲೇಖರದು. ಕೀಬೋರ್ಡಿನ ಚುರುಕು ತುಣುಕುಗಳು, ಯಂತ್ರದ ತಾಳ, ಆ ತಾಳದ ಮೇಲೆ ಕುಣಿಯುವ ಮಾತಿನಂಥ ಕನ್ನಡ; ಸಂಭಾಷಣೆಯೇ ಹಾಡಾಗುವ ಆ ಬಗೆ ನಮ್ಮ ಚಿತ್ರಗೀತೆಗೆ ಹೊಸದಾಗಿತ್ತು. ಲಹರಿ ಕಂಪನಿಯ ಆ ಕ್ಯಾಸೆಟ್ ನವಲಗುಂದದ ಸಂತೆಯಿಂದ ನಮ್ಮ ಮನೆಗೂ ಬಂತು. ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿ, ಹರಿದಾಗ ಅಂಟು ಪಟ್ಟಿ ಹಚ್ಚಿ, ಎರಡು ವರ್ಷ ಅದನ್ನು ಬದುಕಿಸಿಕೊಂಡಿದ್ದೆವು. ಎರಿಹೊಲದ ಕಡಲೆ ಕೀಳುವಾಗ ಬದುವಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಕೇಳಿದ ನೆನಪು ನನ್ನ ವಯಸ್ಸಿನ ಎಷ್ಟೋ ಜನರಿಗಿದೆ. ರಂಗಮಂದಿರ, ರೇಡಿಯೋ ಯಾವುದರ ಅಪ್ಪಣೆಯನ್ನೂ ಕೇಳದೆ ಹಾಡು ಹೊಲದ ಬದುವಿಗೆ ಬಂದದ್ದು ಕ್ಯಾಸೆಟ್ಟಿನಿಂದ.

ಅದೇ ದಶಕದಲ್ಲಿ ಸಿ. ಅಶ್ವಥ್ ಅವರ ಭಾವಗೀತೆ, ತತ್ವಪದಗಳ ಕ್ಯಾಸೆಟ್ಟುಗಳೂ ಮನೆಮನೆಗೆ ಹೋದವು. ಓದಿದವರ ಮನೆಯ ಕಪಾಟಿನಲ್ಲಿ ಅವು ಮುಂದಿನ ಸಾಲಿನಲ್ಲಿ ಕೂತವು. ‘ಪ್ರೇಮಲೋಕ’ ಹಿಂದಿನ ಸಾಲಿಗೆ ಹೋಯಿತು. ಕೇಳಿದ್ದು ಎರಡನ್ನೂ. ಹೆಮ್ಮೆಯಿಂದ ಹೇಳಿಕೊಂಡದ್ದು ಒಂದನ್ನು ಮಾತ್ರ.

ಈ ಹಿಂಜರಿಕೆ ಪ್ರಶಸ್ತಿಗಳಲ್ಲೂ ಕಾಣುತ್ತದೆ. ಹಂಸಲೇಖರಿಗೆ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದದ್ದು 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ. ಅದೇ ಚಿತ್ರದ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಪಂಚಾಕ್ಷರ ಗವಾಯಿಗಳೆಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಗುರುಗಳು. ನಮ್ಮ ಬಸವರಾಜ ರಾಜಗುರು ಅವರ ಗುರುಗಳು. ಆ ಪ್ರಶಸ್ತಿ ನ್ಯಾಯವಾದದ್ದು. ರಾಗದ ಆಳ ಗೊತ್ತಿಲ್ಲದವರು ಆ ಸಂಗೀತ ಮಾಡಲಾರರು. ಆದರೆ ಅದರಲ್ಲಿ ಒಂದು ಅರ್ಥವೂ ಅಡಗಿದೆ. ‘ಪ್ರೇಮಲೋಕ’ದ ಹಂಸಲೇಖರನ್ನು ನಾಡು ಕುಣಿದು ಒಪ್ಪಿತು, ಪ್ರಶಸ್ತಿ ಕೊಡುವವರು ಒಪ್ಪಿದ್ದು ಅವರು ಗವಾಯಿಗಳ ಅಂಗಳಕ್ಕೆ ಬಂದಾಗ. ಆ ಎರಡು ಕೆಲಸದ ಹಿಂದೆ ಇದ್ದದ್ದು ಒಂದೇ ಕಿವಿ. 2023ರ ಮೈಸೂರು ದಸರಾವನ್ನು ಉದ್ಘಾಟಿಸಿದ ಹಂಸಲೇಖರ ಕೊರಳಿಗೆ ಬಿದ್ದ ಹಾರದಲ್ಲಿ ಆ ಕೀಬೋರ್ಡಿನ ಹಾಡುಗಳ ಪಾಲೂ ಇತ್ತೆಂದು ನಾನು ನಂಬುತ್ತೇನೆ.

ಮೂರು ಒರೆಗಲ್ಲು

ಹಾಗಾದರೆ ಯಾರಿಗೆ ಗೌರವ ಸಲ್ಲಬೇಕು? ಇಡೀ ದಶಕಕ್ಕೆ ಒಂದೇ ಸಗಟು ತೀರ್ಪು ಕೊಡಲಾಗದು. ಮೂರು ಒರೆಗಲ್ಲಿನ ಮೇಲೆ ಉಜ್ಜಿ ನೋಡಬಹುದು.

ಒಂದು, ಪೇಟಿ ಅಜ್ಜನ ಒರೆಗಲ್ಲು: ಕರೆಂಟ್ ಹೋದರೆ ಧಾಟಿ ಉಳಿಯುತ್ತದೆಯೇ? ಇಲ್ಲಿ ಡೆಪೆಷ್ ಮೋಡ್ ಕತೆ ನಮ್ಮ ಗುಡಿಗೆ ತೀರ ಹತ್ತಿರ ಬರುತ್ತದೆ. ಅವರ 1990ರ ‘ಎಂಜಾಯ್ ದ ಸೈಲೆನ್ಸ್’ ಕುಣಿತದ ಹಾಡೆಂದು ಲೋಕಪ್ರಸಿದ್ಧ. ಆದರೆ ತಂಡದ ಮಾರ್ಟಿನ್ ಗೋರ್ ಅದನ್ನು ಮೊದಲು ಕಟ್ಟಿದ್ದು ನಿಧಾನ ಗತಿಯ ಹಾಡಾಗಿ. ಹಾರ್ಮೋನಿಯಂ ಜೊತೆ ಹಾಡಿದ ಅದರ ರೂಪವೂ ತಟ್ಟೆಯಾಗಿ ಬಂದಿದೆ. ಯಂತ್ರಗಳ ಆ ಇಡೀ ಮಾಳಿಗೆಯ ತಳಪಾಯದಲ್ಲಿ ಒಂದು ಪೇಟಿ ಇತ್ತು. ಅದೇ ತಂಡದ ‘ಪರ್ಸನಲ್ ಜೀಸಸ್’ ಹಾಡನ್ನು ಅಮೆರಿಕದ ಗಾಯಕ ಜಾನಿ ಕ್ಯಾಶ್ ಮುಪ್ಪಿನಲ್ಲಿ, 2002ರಲ್ಲಿ, ಸಾದಾ ಗಿಟಾರ್ ಮೇಲೆ ಹಾಡಿದರು. ಟಿಯರ್ಸ್ ಫಾರ್ ಫಿಯರ್ಸ್ ತಂಡದ 1982ರ ‘ಮ್ಯಾಡ್ ವರ್ಲ್ಡ್’ ಪಿಯಾನೋ ಒಂದರ ಆಸರೆಯಲ್ಲಿ 2003ರ ಕ್ರಿಸ್‌ಮಸ್ಸಿಗೆ ಬ್ರಿಟನ್ನಿನ ಮೊದಲ ಹಾಡಾಯಿತು. ಉಡುಪು 1982ರದು, ಮೈ ಮಾತ್ರ ಇನ್ನೂ ಬೆಚ್ಚಗಿದೆ. ಇಂಥ ಹಾಡುಗಳು ಈ ಒರೆಗಲ್ಲಿನ ಮೇಲೆ ಗೆದ್ದವು.

ಎರಡು, ಕ್ಯಾಸಿಯೋ ಹುಡುಗನ ಒರೆಗಲ್ಲು: ಆ ನಾದ ಬೇರೆ ಯಾವ ವಾದ್ಯದಿಂದಲೂ ಬಾರದಂಥದ್ದೇ? ಕ್ರಾಫ್ಟ್‌ವರ್ಕಿನ ರೈಲಿನ ಹಾಡನ್ನು ಪೇಟಿಯ ಮೇಲೆ ನುಡಿಸಿದರೆ ನಾಲ್ಕು ಸ್ವರ ಸಿಕ್ಕಾವು, ರೈಲು ಸಿಗದು. ಅಲ್ಲಿ ನಾದವೇ ರಚನೆ. ನಮ್ಮ ಜಗ್ಗಲಗಿಯನ್ನೇ ನೋಡಿ. ಚಕ್ಕಡಿ ಗಾಲಿಯ ಹಳಿಗೆ ಚರ್ಮ ಬಿಗಿದ ಆ ದೊಡ್ಡ ವಾದ್ಯದಲ್ಲಿ ರಾಗ ಹುಡುಕುವವರು ಯಾರೂ ಇಲ್ಲ. ಹೋಳಿಯಲ್ಲಿ ಬ್ಯಾಹಟ್ಟಿಯವರು ಅದನ್ನು ಬಾರಿಸಿದಾಗ ಎದೆಯೊಳಗೆ ಏಳುವ ಗುಡುಗೇ ಅದರ ಸಂಗೀತ. ಬರೀ ನಾದಕ್ಕೂ ಗೌರವವುಂಟು ಎಂಬುದನ್ನು ನಾವು ಯಾರಿಂದಲೂ ಕಲಿಯಬೇಕಿಲ್ಲ.

ಮೂರು, ಸಂತಾನದ ಒರೆಗಲ್ಲು: ಅದರಿಂದ ಮುಂದೆ ಏನು ಹುಟ್ಟಿತು? ಕ್ರಾಫ್ಟ್‌ವರ್ಕ್ ಧಾಟಿಯನ್ನು ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ 1982ರಲ್ಲಿ ‘ಪ್ಲಾನೆಟ್ ರಾಕ್’ಗೆ ತೆಗೆದುಕೊಂಡರು; ಅಲ್ಲಿಂದ ಕಪ್ಪು ಜನರ ನೃತ್ಯಸಂಗೀತದ ದೊಡ್ಡ ಕವಲೊಂದು ಬೆಳೆಯಿತು. ಕೇವಲ ಸುಮಾರು 12,000 ಮಾರಾಟವಾಗಿ 1983ಕ್ಕೇ ನಿಂತುಹೋದ 808 ಯಂತ್ರದ ಪೆಟ್ಟು ಇಂದಿನ ಹಾಡುಗಳಲ್ಲೂ ಕೇಳುತ್ತದೆ. ನಮ್ಮ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳ ತಾಳ, ಕೀಬೋರ್ಡಿನ ಸನಾದಿ ಸ್ವರ ಅದೇ ಬಳ್ಳಿಯ ಕುಡಿಗಳು. ಅವುಗಳಲ್ಲಿ ಕೆಲವು ಕಿವಿಗೆ ಒರಟು. ಆದರೆ ಹೊಲ, ಟ್ರ್ಯಾಕ್ಟರು, ಡ್ರೈವರು, ನಮ್ಮದೇ ಮಾತು ಅಲ್ಲಿ ಹಾಡಾಗಿ ಬಂದಿವೆ.

ಚರಣ್‌ಜಿತ್ ಸಿಂಗ್ ಕತೆಯಲ್ಲಿ ಈ ಮೂರೂ ಸೇರುತ್ತವೆ. ಮುಂಬೈ ಚಿತ್ರಸಂಗೀತದಲ್ಲಿ ವಾದಕರಾಗಿದ್ದ ಅವರು 1982ರಲ್ಲಿ ರೋಲಾಂಡಿನ 808, 303, ಜುಪಿಟರ್-8 ಮೂರನ್ನೇ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆ ತಟ್ಟೆ ಯಾರ ಗಮನಕ್ಕೂ ಬರಲಿಲ್ಲ. 1987ರಲ್ಲಿ ಶಿಕಾಗೊದಲ್ಲಿ ಅದೇ 303 ಯಂತ್ರದಿಂದ ಆಸಿಡ್ ಹೌಸ್ ಎಂಬ ಹೊಸ ಸಂಗೀತ ಹುಟ್ಟಿತೆಂದು ಜಗತ್ತು ಬರೆದುಕೊಂಡಿತು. 2010ರಲ್ಲಿ ಚರಣ್‌ಜಿತ್ ತಟ್ಟೆ ಯುರೋಪಿನಲ್ಲಿ ಮರುಮುದ್ರಣವಾದಾಗ, ಅಂಥದೇ ನಾದ ಐದು ವರ್ಷ ಮೊದಲು ಭಾರತದಲ್ಲಿ, ಭೈರವ, ಲಲಿತ, ತೋಡಿಗಳಲ್ಲಿ ಬಂದಿತ್ತೆಂದು ಕೇಳಿದವರು ದಂಗಾದರು. ಮುಪ್ಪಿನಲ್ಲಿ ಅವರು ವಿದೇಶದ ವೇದಿಕೆಗಳಲ್ಲಿ ಅದನ್ನೇ ನುಡಿಸಿ, 2015ರಲ್ಲಿ ತೀರಿಕೊಂಡರು. ಇಪ್ಪತ್ತೆಂಟು ವರ್ಷ ಅವರ ಕೆಲಸ ಹಳೆಯ ತಟ್ಟೆಗಳ ರಾಶಿಯಲ್ಲಿ ಬಿದ್ದಿತ್ತು. ರಾಗದ ನಾಡಿನವರಾದ ನಮ್ಮ ಕಿವಿಗೇ ಅದು ಬೀಳಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಸಲ್ಲಬೇಕಾದದ್ದು

ಈ ಮೂರರಲ್ಲಿ ಒಂದರ ಮೇಲಾದರೂ ಬಂಗಾರದ ಗೆರೆ ಮೂಡಿಸಿದವರಿಗೆ ಕಾಯಂ ಗೌರವ ಸಲ್ಲಬೇಕು. ಕಾರ್ಖಾನೆಯ ಸ್ವರವನ್ನು ಹಾಗೇ ಒತ್ತಿ ಹಣ ಮಾಡಿಕೊಂಡವರನ್ನು ಕಾಲವೇ ಬಿಟ್ಟುಬಿಟ್ಟಿದೆ. ಅವರ ಬಗ್ಗೆ ಜಗಳ ಬೇಕಿಲ್ಲ. ರಿಯಾಜಿನ ಸಂಗೀತಕ್ಕೆ ಇದರಿಂದ ಕುಂದೂ ಬರುವುದಿಲ್ಲ. ಮನಸೂರರ ಪಕ್ಕದಲ್ಲಿ ಯಾರನ್ನೂ ಕೂಡಿಸಿ ಎಂದು ನಾನು ಕೇಳುತ್ತಿಲ್ಲ. ಪಂಕ್ತಿ ಉದ್ದವಿದೆ, ಅದರಲ್ಲಿ ಇವರಿಗೂ ಒಂದು ಎಲೆ ಹಾಕಿ ಎಂದು ಕೇಳುತ್ತಿದ್ದೇನೆ.

ಎಲೆ ಹಾಕುವುದೆಂದರೆ ಬರೀ ಪ್ರಶಸ್ತಿ ಕೊಡುವುದಾಗಬಾರದು. ಆ ಕಾಲದ ಎಷ್ಟೋ ಕೀಬೋರ್ಡುಗಳು ತಮ್ಮೊಳಗಿನ ಸ್ವರಗಳನ್ನು ಒಂದು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ಸತ್ತ ದಿನ, ವಾದಕ ತಾನೇ ಕೂತು ರೂಪಿಸಿದ ಸ್ವರವೂ ಅಳಿಸಿಹೋಗುತ್ತದೆ. ಕ್ಯಾಸೆಟ್ಟಿನ ಟೇಪು ಬೂಸಲು ಹಿಡಿಯುತ್ತದೆ. ಸಾಧು ಕೋಕಿಲ ಅವರಂತೆ ಕೀಬೋರ್ಡಿನಿಂದ ಬಂದು ಹೆಸರಾದವರು ಕೆಲವರೇ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹೆಸರೇ ಅಚ್ಚಾಗದ ವಾದಕರು ಎಷ್ಟೋ ಜನ. ಅವರಿಗೆ ಈಗ ವಯಸ್ಸಾಗಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲೇ ಸಂಗೀತ ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ. ಚಲನಚಿತ್ರ ಅಕಾಡೆಮಿ ಇದೆ. ಆ ವಾದಕರನ್ನು ಕೂಡಿಸಿ ಯಾವ ಹಾಡಿನ ಯಾವ ನಾದ ಯಾರು ಮಾಡಿದ್ದೆಂದು ಕೇಳಿ ಬರೆದಿಡುವ ಕೆಲಸ ಇವರಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕು. ಯಂತ್ರ ಬಂದಾಗ ಕೆಲಸ ಕಳೆದುಕೊಂಡ ಪಿಟೀಲು, ಕ್ಲಾರಿಯೊನೆಟ್, ಕಾಲಪೇಟಿಯವರ ಮಾತೂ ಅದೇ ಪುಸ್ತಕದಲ್ಲಿ ಬರಬೇಕು. ಎರಡೂ ಸೇರಿದರೇ ಆ ದಶಕದ ನಿಜವಾದ ಚರಿತ್ರೆ.

ಪೇಟಿ ಅಜ್ಜ ಈಗಿಲ್ಲ. ಆ ಶ್ರಾವಣವಾಗಿ ಕೆಲವು ವರ್ಷಗಳ ಮೇಲೆ ಒಂದು ರಾತ್ರಿ ಅವರು ಹೊಸ ಧಾಟಿಯಲ್ಲಿ ಹಳೆಯ ತತ್ವಪದವೊಂದನ್ನು ಎತ್ತಿಕೊಂಡರು. ಎರಡು ಸಾಲು ಹೋಗುವಷ್ಟರಲ್ಲಿ ನಮಗೆಲ್ಲ ಗುರುತು ಸಿಕ್ಕಿತು; ಅದು ‘ಪ್ರೇಮಲೋಕ’ದ ಒಂದು ಹಾಡಿನ ಧಾಟಿ. ಕ್ಯಾಸಿಯೋ ಹುಡುಗ ಕೈ ಕಟ್ಟಿ ಕೂತು ಕೇಳುತ್ತಿದ್ದ. ಪದ ಮುಗಿಸಿ ಪೇಟಿಯ ಮುಚ್ಚಳ ಹಾಕುತ್ತ ಅಜ್ಜ ಅವನ ಕಡೆ ತಿರುಗಿ ಹೇಳಿದ್ದು ಇಷ್ಟೇ: ‘ಧಾಟಿ ಛಲೋ ಐತಿ ತಮ್ಮಾ. ನಾಳೆ ನೀನೂ ಕೂಡು, ಕರೆಂಟ್ ಇದ್ರ.’